ಬಿದಿರಿನ ಟವೆಲ್ಲಿನಲ್ಲಿ ಬಿದಿರು ಎಷ್ಟು?

ಹೋದ ವರ್ಷ ದಸರಾ ಹೊತ್ತಿಗೆ ಬೆಂಗಳೂರಿನಲ್ಲಿ ಒಂದು ಸಾವಯವ ಮೇಳಕ್ಕೆ ಹೋಗಿದ್ದೆ. ಸಿರಿಧಾನ್ಯದ ಬಿಸ್ಕತ್ತು, ಗಾಣದ ಎಣ್ಣೆ, ಮಣ್ಣಿನ ಕುಡಿಕೆಗಳ ನಡುವೆ ಒಂದು ಬಟ್ಟೆಯ ಮಳಿಗೆ ಇತ್ತು. ಅಲ್ಲಿದ್ದ ಹುಡುಗ ಒಂದು ಟವೆಲ್ ಕೈಗಿಟ್ಟ. "ಮುಟ್ಟಿ ನೋಡಿ ಮೇಡಂ, ನೂರಕ್ಕೆ ನೂರು ಬಿದಿರು. ಕೆಮಿಕಲ್ ಇಲ್ಲ, ಬ್ಯಾಕ್ಟೀರಿಯಾ ಬರಲ್ಲ, ವಾಸನೆ ಹಿಡಿಯಲ್ಲ." ಮುಟ್ಟಿದೆ. ಬೆಕ್ಕಿನ ಮರಿಯನ್ನು ಸವರಿದ ಹಾಗಿತ್ತು. 850 ರೂಪಾಯಿ ಕೊಟ್ಟು ತಂದೆ.

ಮನೆಗೆ ಬಂದ ಮೇಲೆ ಯೋಚನೆ ಶುರುವಾಯಿತು. ಬಿದಿರು ಅಂದರೆ ನಮಗೆ ಗೊತ್ತಿರುವುದು ಏಣಿ, ಮೊರ, ಬುಟ್ಟಿ, ಹೆಚ್ಚೆಂದರೆ ಕಳಲೆ ಪಲ್ಯ. ಅದರ ಸಿಬಿರು ಬೆರಳಿಗೆ ಹೊಕ್ಕರೆ ಎರಡು ದಿನ ನೋವು. ಅಂಥ ಗಳ ಬೆಕ್ಕಿನ ಮರಿಯಷ್ಟು ಮೆತ್ತಗಾಗಿದ್ದು ಹೇಗೆ? ಅದೂ ಕೆಮಿಕಲ್ ಇಲ್ಲದೆ?

ಟವೆಲ್ಲಿನ ಮೂಲೆಯಲ್ಲಿ ಹೊಲಿದಿದ್ದ ಪುಟ್ಟ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. "ವಿಸ್ಕೋಸ್ 70%, ಹತ್ತಿ 30%." ಬಿದಿರು ಅನ್ನುವ ಪದ ಮುಂದಿನ ದೊಡ್ಡ ಚೀಟಿಯಲ್ಲಿ ಮಾತ್ರ ಇತ್ತು, ಪಕ್ಕದಲ್ಲಿ ಒಂದು ಹಸಿರು ಎಲೆಯ ಚಿತ್ರ.

ವಿಸ್ಕೋಸ್ ಅಂದರೆ ಬೇರೇನೂ ಅಲ್ಲ, ರೇಯಾನ್. ಚಿಕ್ಕಪೇಟೆಯಲ್ಲಿ ನಾನೂರು ರೂಪಾಯಿಗೆ ಸಿಗುವ ರೇಯಾನ್ ಕುರ್ತಿ ಇದೆಯಲ್ಲ, ಅದೇ ಜಾತಿ.

ಇದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಗಿಡಮರಗಳ ಮೈ ಕಟ್ಟಿರುವುದು ಬಹುಪಾಲು ಸೆಲ್ಯುಲೋಸ್ ಎಂಬ ನಾರಿನಿಂದ. ಹತ್ತಿ ಅದರ ಅಪ್ಪಟ ರೂಪ. ಕಾಯಿ ಒಡೆದರೆ ಎಳೆ ಸಿದ್ಧ, ಬೀಜ ಬಿಡಿಸಿ ಹಿಂಜಿ ನೂತರೆ ಆಯಿತು. ಬಿದಿರು, ನೀಲಗಿರಿಯಂಥವುಗಳಲ್ಲಿ ಅದೇ ಸೆಲ್ಯುಲೋಸ್ ಲಿಗ್ನಿನ್ ಎಂಬ ಅಂಟಿನಲ್ಲಿ ಹೂತುಕೊಂಡಿರುತ್ತದೆ. ಹಾಗಾಗಿ ಮೊದಲು ಚೂರು ಮಾಡಬೇಕು, ರಾಸಾಯನಿಕ ಹಾಕಿ ಬೇಯಿಸಿ ಅಂಟು ಬಿಡಿಸಬೇಕು, ಬ್ಲೀಚ್ ಮಾಡಬೇಕು. ಕೊನೆಗೆ ಉಳಿಯುವುದು ದಪ್ಪ ಕಾಗದದಂಥ ಬಿಳಿ ತಿರುಳು.

ಈ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸುತ್ತಾರೆ. ಹಿಂಡಿ, ಪುಡಿ ಮಾಡಿ, ಒಂದಷ್ಟು ಹೊತ್ತು ಹಾಗೇ ಬಿಡುತ್ತಾರೆ, ದೋಸೆ ಹಿಟ್ಟನ್ನು ಹುಳಿಗೆ ಬಿಟ್ಟ ಹಾಗೆ. ಆಮೇಲೆ ಕಾರ್ಬನ್ ಡೈಸಲ್ಫೈಡ್ ಸೇರಿಸುತ್ತಾರೆ. ಬಿಳಿ ಪುಡಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಮತ್ತೆ ತೆಳು ಕಾಸ್ಟಿಕ್ಕಿನಲ್ಲಿ ಕರಗಿಸಿದರೆ ಜೇನಿನಂಥ ಮಂದ ಪಾಕ ಸಿಗುತ್ತದೆ. ಹೀಗೆ ಮಂದವಾಗಿ ಇಳಿಯುವುದಕ್ಕೆ ಇಂಗ್ಲಿಷಿನಲ್ಲಿ ವಿಸ್ಕಸ್ ಅನ್ನುತ್ತಾರೆ, ಬಟ್ಟೆಗೆ ಹೆಸರು ಬಂದದ್ದು ಅಲ್ಲಿಂದ. 1892ರಲ್ಲಿ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಇನ್ನು ಉಳಿದಿದ್ದು ಶಾವಿಗೆ ಒರಳಿನ ಕೆಲಸ. ಬಿಲ್ಲೆಯ ತೂತುಗಳು ಮಾತ್ರ ಕೂದಲೆಳೆಯಷ್ಟು ಸಣ್ಣ, ಕೆಳಗೆ ತಟ್ಟೆಯ ಬದಲು ಸಲ್ಫ್ಯೂರಿಕ್ ಆಸಿಡ್ಡಿನ ತೊಟ್ಟಿ. ಪಾಕ ಆಸಿಡ್ಡಿಗೆ ಬಿದ್ದ ಕೂಡಲೇ ಗಟ್ಟಿಯಾಗಿ ಎಳೆಯಾಗುತ್ತದೆ. ಸೇರಿಸಿದ್ದ ಕಾರ್ಬನ್ ಡೈಸಲ್ಫೈಡ್ ಬಿಟ್ಟುಕೊಂಡು ಗಾಳಿಗೆ ಹಾರುತ್ತದೆ. ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್.

ಇಷ್ಟೆಲ್ಲ ಆದ ಮೇಲೆ ಕೈಗೆ ಬರುವ ಎಳೆಯಲ್ಲಿ ಬಿದಿರಿನ ಗುಣ ಏನು ಉಳಿದಿರುತ್ತದೆ? ಏನೂ ಇಲ್ಲ. ಬಿದಿರು ಹಾಕಿದರೂ ನೀಲಗಿರಿ ಹಾಕಿದರೂ ಹೊರಗೆ ಬರುವುದು ಅದೇ ಸೆಲ್ಯುಲೋಸ್. ಬಿದಿರು ಬೇಗ ಬೆಳೆಯುತ್ತದೆ, ಔಷಧಿ ಹೊಡೆಯಬೇಕಿಲ್ಲ ಅನ್ನುವುದು ನಿಜ. ಆದರೆ ಅದು ಗಿಡದ ಗುಣಗಾನ, ಬಟ್ಟೆಯದ್ದಲ್ಲ. ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಿಂದಲೇ ಈ ಮಾತು ಹೇಳುತ್ತಿದೆ. ರೇಯಾನ್ ಮಾರುವುದಾದರೆ ರೇಯಾನ್ ಅಂತಲೇ ಬರೆಯಬೇಕು, ಬ್ಯಾಕ್ಟೀರಿಯಾ ಕೊಲ್ಲುವ ಗುಣ ಎಳೆಯಲ್ಲಿ ಉಳಿಯುವುದಿಲ್ಲ ಎಂಬುದು ಅದರ ವಾದ. 2022ರಲ್ಲಿ ವಾಲ್‌ಮಾರ್ಟ್ ಮತ್ತು ಕೋಲ್ಸ್ ಎಂಬ ಎರಡು ದೊಡ್ಡ ಅಂಗಡಿ ಸರಣಿಗಳು ಇದೇ ವಿಷಯಕ್ಕೆ ಒಟ್ಟು 55 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿದವು. ಬಿದಿರನ್ನು ಜಜ್ಜಿ, ನೆನೆಸಿ, ಸೆಣಬಿನಂತೆ ನಾರು ತೆಗೆಯುವ ದಾರಿಯೂ ಇದೆ. ಅದರ ಬಟ್ಟೆ ಒರಟು, ದುಬಾರಿ, ಸಿಗುವುದು ಅಪರೂಪ. ಮೆತ್ತಗಿದೆ ಅಂದರೆ ಅದು ರೇಯಾನೇ ಇರಬೇಕು.

ಹಾಗಾದರೆ ನನ್ನ ಟವೆಲ್ ವಿಷವೇ? ಅಲ್ಲ. ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಚೆನ್ನಾಗಿ ತೊಳೆದು ಹೊರಬಂದ ವಿಸ್ಕೋಸ್ ಬಟ್ಟೆ ಮೈಗೆ ಏನೂ ಮಾಡುವುದಿಲ್ಲ, ಬೇಸಿಗೆಗೆ ತಂಪಾಗಿಯೇ ಇರುತ್ತದೆ. ಕಷ್ಟ ಬರುವುದು ಅದನ್ನು ಮಾಡುವವರಿಗೆ ಮತ್ತು ಕಾರ್ಖಾನೆಯ ಕೆಳಗಿನ ಹೊಳೆಗೆ.

ಕಾರ್ಬನ್ ಡೈಸಲ್ಫೈಡ್ ನರಗಳನ್ನು ಹಾಳು ಮಾಡುತ್ತದೆ, ಹೃದಯವನ್ನೂ ಬಿಡುವುದಿಲ್ಲ. ಪ್ಯಾರಿಸ್ಸಿನ ವೈದ್ಯ ಡೆಲ್ಪೆಶ್ 1856ರಲ್ಲೇ ರಬ್ಬರ್ ಕಾರ್ಖಾನೆಯ ಕೆಲಸಗಾರರಲ್ಲಿ ಇದರ ವಿಷವೇರಿದ್ದನ್ನು ಬರೆದಿದ್ದ. ಅಂದರೆ ರೇಯಾನ್ ಹುಟ್ಟುವ ಮೊದಲೇ ಇದು ಗೊತ್ತಿತ್ತು. ದಕ್ಷಿಣ ಕೊರಿಯಾದಲ್ಲಿ ವೊಂಜಿನ್ ರೇಯಾನ್ ಎಂಬ ಕಾರ್ಖಾನೆ ಇತ್ತು. ಜಪಾನಿನವರು ಬಳಸಿ ಬಿಟ್ಟ ಯಂತ್ರಗಳಲ್ಲಿ ಅಲ್ಲಿ ಕೆಲಸ ನಡೆಯುತ್ತಿತ್ತು. ನೂರಾರು ಕೆಲಸಗಾರರು ಕಾಯಿಲೆ ಬಿದ್ದು, ದೊಡ್ಡ ಹೋರಾಟವಾಗಿ, 1993ರಲ್ಲಿ ಅದು ಮುಚ್ಚಿತು. ಆ ಯಂತ್ರಗಳು ಮಾತ್ರ ಗುಜರಿಗೆ ಹೋಗಲಿಲ್ಲ. ಅಲ್ಲಿಂದ ಚೀನಾಕ್ಕೆ ಹೋದವು.

ನಮಗೂ ಇದು ದೂರದ ಕಥೆಯಲ್ಲ. ತುಂಗಭದ್ರೆಯ ದಂಡೆಯಲ್ಲಿ, ಹರಿಹರದ ಆಚೆ ದಡಕ್ಕೆ ಕುಮಾರಪಟ್ಟಣ ಇದೆ. ರೇಯಾನ್ ತಿರುಳಿನ ಕಾರ್ಖಾನೆ ಹರಿಹರ ಪಾಲಿಫೈಬರ್ಸ್ 1970ರ ದಶಕದಿಂದ ಅಲ್ಲಿದೆ. ನೀರು ಕೆಟ್ಟಿದೆ, ಮೀನು ಸಾಯುತ್ತಿವೆ ಎಂದು 1980ರ ದಶಕದಲ್ಲಿ ಹೊಳೆಯ ಕೆಳಗಿನ ಹಳ್ಳಿಗಳವರು ದನಿ ಎತ್ತಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜೊತೆಗೆ ನಿಂತಿತು. ನೀರಿನ ಜಗಳದ ಜೊತೆಗೇ ನೆಲದ ಜಗಳವೂ ಬಂತು. ತಿರುಳಿಗೆ ಮರ ಬೇಕಲ್ಲ, ಅದಕ್ಕೆ 1984ರಲ್ಲಿ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಜಮೀನಿನಲ್ಲಿ ನೀಲಗಿರಿ ಬೆಳೆಸುವ ಯೋಜನೆ ಅದು. ಹಳ್ಳಿಯವರಿಗೆ ಅದು ದನ ಮೇಯುವ, ಸೌದೆ ಆರಿಸುವ ಜಾಗ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂತ ಅದಕ್ಕೆ ಹೆಸರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ಕೊನೆಗೆ 1991ರಲ್ಲಿ ಆ ಜಂಟಿ ಸಂಸ್ಥೆ ಮುಚ್ಚಿತು.

ಒಂದು ರೇಯಾನ್ ಸೀರೆಯ ಹಿಂದೆ ಹೊಳೆ, ಮೀನು, ಗೋಮಾಳ ಇಷ್ಟೆಲ್ಲ ಇರುತ್ತದೆ. "ಮೈಗೆ ಹಿತ" ಅನ್ನುವ ಚೀಟಿ ಇದರ ಬಗ್ಗೆ ತುಟಿ ಪಿಟಕ್ಕೆನ್ನುವುದಿಲ್ಲ. ಅದಕ್ಕೇ ಈಗ ಬಟ್ಟೆ ಕೊಳ್ಳುವಾಗ ನಾನು ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳುತ್ತೇನೆ: ಇದು ನನ್ನ ಮೈಗೆ ಏನು ಮಾಡುತ್ತದೆ? ಮಾಡಿದ ಊರಿಗೆ ಏನು ಮಾಡಿತು? ಒಂದಕ್ಕೆ ಸಿಕ್ಕ ಒಳ್ಳೆಯ ಉತ್ತರ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಅಂಗಡಿಯವರು ಎರಡನ್ನೂ ಕಲಸಿ "ನೈಸರ್ಗಿಕ" ಅನ್ನುವ ಒಂದೇ ಪದದಲ್ಲಿ ಬಡಿಸುತ್ತಾರೆ.

ಮೈಯ ವಿಷಯಕ್ಕೆ ಬಂದರೆ, ತೊಂದರೆ ಹೆಚ್ಚಾಗಿ ಎಳೆಯದ್ದಲ್ಲ, ಎಳೆಗೆ ಹತ್ತಿಸಿದ ಬಣ್ಣದ್ದು ಮತ್ತು ಫಿನಿಶಿಂಗಿನದ್ದು. "ರಿಂಕಲ್ ಫ್ರೀ", "ನೋ ಐರನ್" ಎಂದು ಬರೆದ ಹತ್ತಿ ಶರ್ಟು ಮುದುಡದೆ ಇರುವುದು ಅದಕ್ಕೆ ರಾಳದ ಲೇಪ ಹಾಕಿರುವುದರಿಂದ. ಆ ರಾಳದಿಂದ ಫಾರ್ಮಾಲ್ಡಿಹೈಡ್ ಎಂಬ ಘಾಟು ಅನಿಲ ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತದೆ. ಕೆಲವರಿಗೆ ಕುತ್ತಿಗೆ ಸುತ್ತ, ಕಂಕುಳ ಹತ್ತಿರ, ತೊಡೆಯ ಒಳಭಾಗದಲ್ಲಿ ತುರಿಕೆ, ಗಂಧೆ. ಹೊಸ ಶರ್ಟನ್ನು ಒಮ್ಮೆ ಒಗೆದು ಹಾಕಿಕೊಂಡರೆ ಬಿಡಿಯಾಗಿ ಕುಳಿತ ಪಾಲು ಬಹುಮಟ್ಟಿಗೆ ಹೋಗುತ್ತದೆ. ಹೊಸ ಬಟ್ಟೆಗೆ ಅರಿಶಿನ ಹಚ್ಚಿ ಹಾಗೇ ತೊಡುವ ನಮ್ಮ ಹಬ್ಬದ ಪದ್ಧತಿಗೆ ಇದು ಸರಿಹೊಂದುವುದಿಲ್ಲ, ಗೊತ್ತು. ಆದರೆ ನಮ್ಮಲ್ಲೇ ಇನ್ನೊಂದು ಪದ್ಧತಿಯೂ ಇದೆ. ಹುಟ್ಟಿದ ಮಗುವಿಗೆ ಮೊದಲು ಹೊದಿಸುವುದು ಅಜ್ಜನ ಹಳೆಯ ಪಂಚೆ, ಅಜ್ಜಿಯ ಹಳೆಯ ಸೀರೆ. ನೂರು ಸಲ ಒಗೆದು ಮೆತ್ತಗಾದ ಹತ್ತಿ. ಬಿಡಬೇಕಾದ ಬಣ್ಣ, ಲೇಪ ಎಲ್ಲ ಯಾವತ್ತೋ ಬಿಟ್ಟು ಹೋಗಿರುತ್ತದೆ. ಮಗುವಿಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬಣ್ಣಗಳಲ್ಲಿ ಜಾಸ್ತಿ ಕೇಳಿಬರುವ ಹೆಸರು ಅಜೋ. ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಗುಂಪಿನವೇ, ಅವುಗಳಲ್ಲಿ ಬಹುಪಾಲಿನಿಂದ ಭಯ ಇಲ್ಲ. ಕೆಲವು ಮಾತ್ರ ಒಡೆದು ಕ್ಯಾನ್ಸರ್ ತರಬಲ್ಲ ಅಮೈನುಗಳಾಗುತ್ತವೆ. 1990ರ ದಶಕದಲ್ಲಿ ಮೊದಲು ಜರ್ಮನಿ ಅಂಥವನ್ನು ನಿಲ್ಲಿಸಿತು. ನಮ್ಮ ಮಾಲು ಅಲ್ಲಿಗೆ ಹೋಗಬೇಕಿತ್ತಲ್ಲ, 1997ರ ಹೊತ್ತಿಗೆ ಭಾರತವೂ 112 ಬಣ್ಣಗಳನ್ನು ನಿಷೇಧಿಸಿತು. "ಅಜೋ ಫ್ರೀ" ಅಂತ ಚೀಟಿ ಇದ್ದರೆ ಅಜೋ ಬಣ್ಣವೇ ಇಲ್ಲ ಅಂತಲ್ಲ, ಆ ನಿಷೇಧಿತ ಪಟ್ಟಿಯವು ಇಲ್ಲ ಅಂತ ಅರ್ಥ. ಅಂದರೆ ಕಾನೂನು ಹೇಗೂ ಬೇಡ ಅಂದಿದ್ದನ್ನು ಹಾಕಿಲ್ಲ ಎನ್ನುವುದೇ ಒಂದು ಹೆಗ್ಗಳಿಕೆ!

ತುರಿಕೆಗೆ ಇನ್ನೊಂದು ಕಾರಣ ಪಾಲಿಯೆಸ್ಟರಿನ ಕಡು ಬಣ್ಣ. ಪಾಲಿಯೆಸ್ಟರ್ ನೀರು ಕುಡಿಯುವುದಿಲ್ಲ, ಅದಕ್ಕೆ ಡಿಸ್ಪರ್ಸ್ ಬಣ್ಣ ಅನ್ನುವ ಬೇರೆ ಜಾತಿ ಬೇಕು. ಅವುಗಳಲ್ಲಿ ಡಿಸ್ಪರ್ಸ್ ಬ್ಲೂ 106 ಮತ್ತು 124 ಚರ್ಮರೋಗದ ವೈದ್ಯರಿಗೆ ಹಳೆಯ ಪರಿಚಯ. ಬೇಸಿಗೆ, ಬೆವರು, ಮೈಗಂಟಿದ ಕಡುನೀಲಿ ಲೆಗ್ಗಿಂಗ್, ಇವು ಮೂರೂ ಸೇರಿದರೆ ಮೊಣಕಾಲ ಹಿಂದೆ ಉರಿ ಶುರು. ಒಂದು ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಬಟ್ಟೆಯ ಒಳಮೈಗೆ ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಹತ್ತಿತೋ, ಅದು ಬೆವರಿಗೂ ಬಿಡುತ್ತದೆ. ನೀರು ಹಿಡಿಯದ ಜಾಕೆಟ್ಟು, ಕಲೆ ಹಿಡಿಯದ ಪ್ಯಾಂಟುಗಳಲ್ಲಿ ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳ ಲೇಪ ಇರಬಹುದು. ಅವು ಮಣ್ಣಲ್ಲೂ ನೀರಲ್ಲೂ ಕೊಳೆಯುವುದೇ ಇಲ್ಲ. ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ಹೊಸ ಬಟ್ಟೆಗಳಲ್ಲಿ ಇವನ್ನು ನಿಲ್ಲಿಸಿದೆ. ಸಾಂಬಾರು ಚೆಲ್ಲಿದರೆ ಕಲೆಯಾಗುವ ಪ್ಯಾಂಟೇ ಸಾಕು ನನಗೆ.

ಹಾಗಾದರೆ ಗಿಡದ ಬಣ್ಣ? ನನಗೆ ಇಷ್ಟ, ಪಕ್ಷಪಾತ ಇದೆ ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರ ಸಂಘದವರು ಅಡಿಕೆ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಪು ರಸ ಅದು, ಅಂಗೈಗೆ ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲ. ದಾಳಿಂಬೆ ಸಿಪ್ಪೆ, ಅಳಲೆಕಾಯಿ, ನೀಲಿ, ಮಂಜಿಷ್ಠ ಎಲ್ಲಕ್ಕೂ ಅವುಗಳದೇ ಚೆಂದ. ಆದರೆ ಬಹಳಷ್ಟು ಗಿಡದ ಬಣ್ಣಗಳು ಬಟ್ಟೆಯನ್ನು ಹಿಡಿದುಕೊಳ್ಳಲು ಒಂದು ಲವಣ ಬೇಕು. ಪಟಿಕವಾದರೆ ಚಿಂತೆ ಇಲ್ಲ. ಕ್ರೋಮಿಯಂ ಲವಣ ಹಾಕಿದರೆ ಬಣ್ಣ ಗಿಡದ್ದೇ ಇದ್ದರೂ ತೊಟ್ಟಿಯಿಂದ ಚೆಲ್ಲುವ ನೀರು ವಿಷವೇ. "ನ್ಯಾಚುರಲ್ ಡೈ" ಅಂದವರನ್ನು "ಯಾವುದರಲ್ಲಿ ಕಚ್ಚಿಸಿದ್ದೀರಿ?" ಅಂತ ಕೇಳಬಹುದು. ಗೊತ್ತಿದ್ದವರು ಖುಷಿಯಿಂದ ಅರ್ಧ ಗಂಟೆ ಹೇಳುತ್ತಾರೆ. ಗೊತ್ತಿಲ್ಲದವರು ಬೇರೆ ಸೀರೆ ತೋರಿಸುತ್ತಾರೆ.

ಚೀಟಿಗಳನ್ನು ನಂಬಬಹುದೇ? ಯಾವ ಚೀಟಿ ಏನನ್ನು ಹೇಳುತ್ತದೆ ಅಂತ ತಿಳಿದಿದ್ದರೆ ನಂಬಬಹುದು. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಅಂದರೆ ಸಿದ್ಧ ಬಟ್ಟೆಯಲ್ಲಿ ಹಾನಿಕಾರಕ ಪದಾರ್ಥ ಮಿತಿಯೊಳಗಿದೆ ಅಂತ. ಉದಾಹರಣೆಗೆ, ಮೈಗೆ ತಾಗುವ ಬಟ್ಟೆಯ ಒಂದು ಕಿಲೋದಲ್ಲಿ ಫಾರ್ಮಾಲ್ಡಿಹೈಡ್ 75 ಮಿಲಿಗ್ರಾಂ ದಾಟಬಾರದು, ಕೂಸುಗಳ ಬಟ್ಟೆಗೆ ಇನ್ನೂ ಬಿಗಿ. ಮೈಗೆ ಏನು ಮಾಡುತ್ತದೆ ಎಂಬ ನನ್ನ ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರ, ಆದರೆ ಹೊಲದ ಬಗ್ಗೆ ಅದು ಮಾತಾಡುವುದಿಲ್ಲ. ಗಾಟ್ಸ್ ಅನ್ನುವುದು ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರ, ಎಳೆ ಸಾವಯವವೇ ಎಂಬುದರಿಂದ ಹಿಡಿದು ಬಣ್ಣದ ತೊಟ್ಟಿಯವರೆಗೆ ನೋಡುತ್ತದೆ. "ಆರ್ಗ್ಯಾನಿಕ್" ಅಂತ ಬರೆಯಲು ಕನಿಷ್ಠ 95% ಎಳೆ ಸಾವಯವ ಇರಬೇಕು. ಅಲ್ಲೂ ಮೋಸ ಇಲ್ಲದಿಲ್ಲ. 2020ರಲ್ಲಿ ಭಾರತದಲ್ಲೇ ಸುಮಾರು 20,000 ಟನ್ ಹತ್ತಿಗೆ ಸುಳ್ಳು ಪ್ರಮಾಣಪತ್ರ ಹುಟ್ಟಿಸಿದ್ದನ್ನು ಸ್ವತಃ ಗಾಟ್ಸ್ ಪತ್ತೆಹಚ್ಚಿತು. ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗದ್ದು ಅಂತ ಹೇಳುತ್ತದೆ, ಸಿಲ್ಕ್ ಮಾರ್ಕ್ ರೇಷ್ಮೆ ಅಪ್ಪಟ ಅಂತ. ಬಣ್ಣ ಯಾವುದು ಅಂತ ಎರಡೂ ಹೇಳುವುದಿಲ್ಲ. ಖಾದಿ ಭಂಡಾರದಲ್ಲೂ ಪಾಲಿವಸ್ತ್ರ ಇರುತ್ತದೆ, ಅದರಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ರೇಯಾನ್ ಬಳಗದಲ್ಲೇ ಬೇಕು ಅನ್ನುವವರಿಗೆ ಲಯೋಸೆಲ್ ವಾಸಿ, ಟೆನ್ಸೆಲ್ ಎಂಬ ಹೆಸರಲ್ಲೂ ಸಿಗುತ್ತದೆ. ಅದರಲ್ಲಿ ಕಾರ್ಬನ್ ಡೈಸಲ್ಫೈಡ್ ಇಲ್ಲ, ತಿರುಳು ಕರಗಿಸುವ ದ್ರವವನ್ನು 99%ಕ್ಕೂ ಹೆಚ್ಚು ಹಿಂದಕ್ಕೆ ಪಡೆದು ಮತ್ತೆ ಬಳಸುತ್ತಾರೆ.

ಚೀಟಿ ಬೇಡ, ನಾನೇ ನೋಡಬೇಕು ಅನ್ನುವವರಿಗೆ ಒಂದು ಹಳೆಯ ಪರೀಕ್ಷೆ ಇದೆ. ಹೊಲಿಗೆಯ ಒಳಗಡೆಯಿಂದ ಎರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ಪಾಲಿಯೆಸ್ಟರ್ ಕರಗಿ ಮುದುಡುತ್ತದೆ, ಆರಿದ ಮೇಲೆ ಗಟ್ಟಿ ಕಪ್ಪು ಮಣಿ ಉಳಿಯುತ್ತದೆ, ಉಗುರಿನಿಂದ ಒತ್ತಿದರೂ ಒಡೆಯುವುದಿಲ್ಲ. ರೇಷ್ಮೆ, ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ವಿಸ್ಕೋಸ್ ಕೂಡ ಹಾಗೆಯೇ ಉರಿಯುತ್ತದೆ, ಎರಡೂ ಸೆಲ್ಯುಲೋಸ್ ಅಲ್ವಾ? ಅವೆರಡನ್ನು ಬೇರೆ ಮಾಡಲು ನೀರು ಬೇಕು. ಎಳೆಯನ್ನು ಒದ್ದೆ ಮಾಡಿ ಎರಡೂ ಕಡೆಯಿಂದ ಎಳೆಯಿರಿ. ಹತ್ತಿ ಒದ್ದೆಯಾದಷ್ಟೂ ಗಟ್ಟಿ. ವಿಸ್ಕೋಸ್ ನೀರು ಕುಡಿದರೆ ಅರ್ಧ ಬಲ ಕಳೆದುಕೊಳ್ಳುತ್ತದೆ. ನನ್ನ ಟವೆಲ್ಲಿನ ಎಳೆಯನ್ನು ಒಣಗಿದ್ದಾಗ ಎಳೆದೆ, ಬೆರಳಿಗೆ ಗೀರು ಬಿತ್ತು. ಬಚ್ಚಲ ನಲ್ಲಿಗೆ ಹಿಡಿದು ಎಳೆದೆ, ನೆನೆದ ಶಾವಿಗೆಯಂತೆ ಬಿಟ್ಟುಕೊಂಡಿತು.

ಹೊಸದು ಕೊಳ್ಳುವುದೇ ಕಡಿಮೆಯಾದರೆ ಈ ತಲೆನೋವು ಮುಕ್ಕಾಲು ಕಡಿಮೆ, ಅದು ಎಲ್ಲರಿಗೂ ಗೊತ್ತಿರುವ ಮಾತು. ನಾನೂ ಟವೆಲ್ಲನ್ನು ಬಿಸಾಡಲಿಲ್ಲ, ಮಾಡಿದ ಮೇಲೆ ಪೂರ್ತಿ ಬಳಸುವುದೇ ಸರಿ ಅಂತ ಇಟ್ಟುಕೊಂಡೆ. ವರ್ಷ ತುಂಬುವುದರೊಳಗೆ ಅಂಚು ಬಿಟ್ಟಿತು. ರಾಣೆಬೆನ್ನೂರು ಕಡೆಯ ನಮ್ಮ ಸೋದರತ್ತೆ ಕೌದಿ ಹೊಲಿಯುತ್ತಾರೆ. ಮನೆಯಲ್ಲಿದ್ದ ಹಳೆಯ ಸೀರೆ, ಕುರ್ತಿಗಳ ಗಂಟಿನಲ್ಲಿ ಇದನ್ನೂ ಹಾಕಿ ತೆಗೆದುಕೊಂಡು ಹೋದೆ. ಅತ್ತೆ ಪಡಸಾಲೆಯಲ್ಲಿ ಕೂತು ಒಂದೊಂದನ್ನೇ ಎತ್ತಿ, ಬೆರಳಿನಿಂದ ಹಿಸುಕಿ, ಎರಡು ಗುಂಪು ಮಾಡಿದರು. ಮಾಸಿದ ಇಳಕಲ್ ಸೀರೆ, ಮಾವನ ಧೋತರ ಒಂದು ಕಡೆ. ನನ್ನ ರೇಯಾನ್ ಕುರ್ತಿಗಳು, ಬಿದಿರಿನ ಟವೆಲ್ ಇನ್ನೊಂದು ಕಡೆ.

"ಅವು ಮೆತ್ತಗಿವೆಯಲ್ಲ ಅತ್ತೆ, ಒಳಗೆ ಹಾಕಬಹುದಲ್ಲ?" ಅಂದೆ.

"ಬ್ಯಾಡವಾ. ಕೌದಿ ಒಗದಾಗ ಹಿಂಡಾಕ ಇಬ್ರು ಬೇಕು, ಅಷ್ಟು ಭಾರ ಆಕ್ಕೈತಿ. ಇದು ನೀರಾಗ ತಾಳಂಗಿಲ್ಲ, ಒಳಗೊಳಗ ಹರದ್ ಹೊಕ್ಕೈತಿ," ಅಂದರು, ಸೂಜಿಗೆ ದಾರ ಪೋಣಿಸುತ್ತ.